ಜುಲೈ ಮೂವತ್ತರ ಹಲಗೆ

ಬಾಗಿಲ ಪಕ್ಕದ ಶಿಲಾಫಲಕಕ್ಕೆ ಹಾಕಬೇಕಾಗಿದ್ದ ಸೇವಂತಿಗೆಯ ಮಾಲೆಯನ್ನು ಕೈಯಲ್ಲೇ ಹಿಡಿದುಕೊಂಡು ಹೂವಿನ ಚಿಕ್ಕಮುನಿಯಮ್ಮ ಕೇಳಿದಳು: “ಅಯ್ನೋರೆ, ಇವತ್ತೇ ಅಂತ ಯಾರ್ ಹೇಳಿದ್ದು ನಿಮಗೆ?”

ನಂಜುಂಡಯ್ಯನವರು ಕರಿಹಲಗೆಯಿಂದ ತಿರುಗಿದರು. ಎನ್.ಆರ್. ಕಾಲೋನಿಯ ಆ ಪುಟ್ಟ ವಾಚನಾಲಯದ ಹೊರಗೋಡೆಯ ಮೇಲೆ ‘ಇತಿಹಾಸದಲ್ಲಿ ಈ ದಿನ’ ಎಂದು ದಿನಕ್ಕೆ ಮೂರು ಸಾಲು ಬರೆಯುವುದು ಹದಿನಾಲ್ಕು ವರ್ಷಗಳಿಂದ ಅವರ ವ್ರತ. ಬೆಳಗಿನ ಲಿಂಗಪೂಜೆ ಮುಗಿದು ಹಣೆಯ ವಿಭೂತಿ ಆರುವ ಮೊದಲೇ ಸೀಮೆಸುಣ್ಣ ಕೈಗೆ ಬರುತ್ತಿತ್ತು. ಎರಡೂ ಬಿಳಿಯೇ ಆದುದರಿಂದ ಎಲ್ಲಿಯವರೆಗೆ ಭಕ್ತಿ, ಎಲ್ಲಿಂದ ಅಹಂಕಾರ ಎಂಬುದನ್ನು ಅವರು ಅಷ್ಟಾಗಿ ಶೋಧಿಸಿರಲಿಲ್ಲ.

ಈ ದಿನದ ಹಲಗೆಯಂತೂ ಅವರ ಪಾಲಿಗೆ ತ್ರಿವೇಣೀಸಂಗಮ. ೧೯೩೦: ಉರುಗ್ವೆ ಮೊತ್ತಮೊದಲ ಫುಟ್‌ಬಾಲ್ ವಿಶ್ವಕಪ್ ಗೆದ್ದ ದಿನ. ೧೯೬೬: ಇಂಗ್ಲೆಂಡ್ ಅದೇ ಕಪ್ ಗೆದ್ದ ದಿನ. ೧೯೭೭: ಈ ವಾಚನಾಲಯ ಬಾಗಿಲು ತೆರೆದ ದಿನ. ಹುಟ್ಟಿದಾರಭ್ಯ ಚೆಂಡನ್ನು ಕಾಲಿನಿಂದ ಮುಟ್ಟದಿದ್ದ ನಂಜುಂಡಯ್ಯನವರು ಉರುಗ್ವೆಯೊಡನೆ ನೆಂಟಸ್ತನ ಕುದುರಿದಷ್ಟು ಹಿಗ್ಗಿದ್ದರು. ಬಾಗಿಲ ಪಕ್ಕದ ಶಿಲಾಫಲಕದಲ್ಲಿ ಇಂಗ್ಲಿಷ್ ತಾರೀಖಿರಲಿಲ್ಲ. ‘ಪಿಂಗಳ ಸಂವತ್ಸರ, ಶ್ರಾವಣ ಹುಣ್ಣಿಮೆ’ ಎಂದಷ್ಟೇ ಇತ್ತು. ಹಳೆಯ ಪಂಚಾಂಗ ತೆರೆದು ಅದನ್ನು ಜುಲೈ ಮೂವತ್ತೆಂದು ಕಂಡುಹಿಡಿದವರು ಅವರೇ. ಐವತ್ತನೆಯ ವರ್ಷಕ್ಕೆ ಕಾಲಿಡುವ ಸಂಭ್ರಮಕ್ಕೆ ಶಾಮಿಯಾನ ಹಾಕಿಸಿ, ಎಂಬತ್ತು ಕುರ್ಚಿ ತರಿಸಿ, ಆಷಾಢದಲ್ಲಿ ಸಮಾರಂಭವೇ ಎಂದು ಗೊಣಗಿದವರಿಗೆ ‘ಇತಿಹಾಸಕ್ಕೆ ಆಷಾಢ ತಾಗದು’ ಎಂದು ಹೇಳಿ ಬಾಯಿ ಮುಚ್ಚಿಸಿದವರೂ ಅವರೇ.

“ಪಂಚಾಂಗ ಹೇಳಿತಮ್ಮ,” ಎಂದರು.

“ನಮ್ಮಪ್ಪ ಇಲ್ಲಿಗೆ ತೋರಣ ಕಟ್ಟಿ ಬಂದ್ಮೇಲೆ ಅವತ್ತೇ ನನ್ನ ಧಾರೆ ಎರೆದಿದ್ದು. ಸ್ವಾತಂತ್ರ್ಯದ ಬಾವುಟ ಹಾರಿಸಿ ಹದಿಮೂರು ದಿನಕ್ಕೆ ನನ್ ಮದುವೆ. ಅದು ಆಗಸ್ಟಲ್ವಾ?”

“ವಯಸ್ಸಾಯಿತು, ಜ್ಞಾಪಕ ತಪ್ಪಿರಬೇಕು,” ಎಂದು ನಂಜುಂಡಯ್ಯನವರು ಕರುಣೆಯಿಂದ ನಕ್ಕರು. ಅವಳಿಗಿಂತ ಅವರು ಒಂಬತ್ತು ವರ್ಷ ದೊಡ್ಡವರು.

“ಹೆಂಗ್ ತಪ್ತದೆ? ಮೊದ್ಲು ಮದುವೆ ಜುಲೈಗೇ ಗೊತ್ತು ಮಾಡಿದ್ರು. ಆ ವರ್ಷ ಶ್ರಾವಣ ಎರಡು ಬಂತು ಅಂತ ಮುಂದಕ್ಕೆ ಹಾಕಿದ್ರು. ಅಧಿಕಮಾಸದಾಗೆ ಯಾರಾದ್ರೂ ಮದುವೆ ಮಾಡ್ತಾರಾ? ವಾಚನಾಲಯ ತಾನೇ ತೆಗೀತಾರಾ?”

ನಂಜುಂಡಯ್ಯನವರು ಒಳಗೆ ಹೋಗಿ ಪಂಚಾಂಗವನ್ನು ತೆರೆದರು. ಶ್ರಾವಣ ಹುಣ್ಣಿಮೆ, ಜುಲೈ ಮೂವತ್ತು. ತಾವೇ ಎಳೆದ ಕೆಂಪು ಗೆರೆ ಅಲ್ಲಿತ್ತು. ಪುಟದ ನೆತ್ತಿಯ ಮೇಲೆ ‘ಅಧಿಕ’ ಎಂಬ ಮೂರಕ್ಷರವೂ ಇತ್ತು. ಪುಟ ತಿರುವಿದರು. ಅಲ್ಲಿ ನಿಜ ಶ್ರಾವಣ ತನ್ನ ಹುಣ್ಣಿಮೆಯೊಡನೆ ಆಗಸ್ಟ್ ಇಪ್ಪತ್ತೆಂಟರ ಎದುರಿಗೆ ನೆಮ್ಮದಿಯಾಗಿ ಕುಳಿತಿತ್ತು. ಎರಡು ವಿಶ್ವಕಪ್ ಸಿಕ್ಕಿದ ಆನಂದದಲ್ಲಿ ಅವರು ಅಲ್ಲಿಯವರೆಗೆ ಬಂದೇ ಇರಲಿಲ್ಲ. ಅಧಿಕಮಾಸದಲ್ಲಿ ಮಂಗಳಕಾರ್ಯ ಸಲ್ಲದೆಂದು ಗವಿಪುರದ ಉಪನ್ಯಾಸಗಳಲ್ಲಿ ಮೂವತ್ತು ವರ್ಷ ಗಂಟಲು ಹರಿದುಕೊಂಡ ಪಂಡಿತರಿಗೆ, ಹೂವು ಕಟ್ಟುವವಳು ಕೇಳಿದ ಪ್ರಶ್ನೆಯನ್ನು ತಾವೇ ಕೇಳಿಕೊಳ್ಳಲು ತೋಚಿರಲಿಲ್ಲ.

ಅವರು ಪಂಚಾಂಗ ಹಿಡಿದೇ ಹೊರಗೆ ಬಂದಾಗ ಚಿಕ್ಕಮುನಿಯಮ್ಮ ಮುಖ ನೋಡಿ ದನಿ ತಗ್ಗಿಸಿದಳು. “ಇರ್ಲಿ ಬಿಡಿ ಅಯ್ನೋರೆ. ನಾನೇನ್ ಯಾರಿಗೂ ಹೇಳಕ್ ಹೋಗಲ್ಲ.”

ಅಷ್ಟರಲ್ಲಿ ಮುಖ್ಯ ಅತಿಥಿ ಆತ್ರೇಯರು ಆಟೋದಿಂದ ಇಳಿದರು. ಆರು ವರ್ಷದ ಹಿಂದೆ ಯಾವುದೋ ಸ್ಮರಣಸಂಚಿಕೆಯಲ್ಲಿ ಅವರು ಇಂಥದೇ ತಪ್ಪು ಮಾಡಿದ್ದರು. ನಂಜುಂಡಯ್ಯನವರು ಹನ್ನೆರಡು ಪುಟಗಳ ಪತ್ರ ಬರೆದು, ‘ಅಧಿಕವನ್ನೂ ನಿಜವನ್ನೂ ವಿಂಗಡಿಸಲಾರದವನು ಇತಿಹಾಸದ ಹೊಸ್ತಿಲು ದಾಟಬಾರದು’ ಎಂದು ಮುಗಿಸಿದ್ದರು. ಆ ವಾಕ್ಯದ ಲಯಕ್ಕೆ ಮನಸೋತು ಪತ್ರದ ಒಂದು ನಕಲನ್ನು ತಮ್ಮಲ್ಲೂ ಇಟ್ಟುಕೊಂಡಿದ್ದರು.

ಆತ್ರೇಯರು ಹಲಗೆಯನ್ನು ನಿಧಾನವಾಗಿ ಓದಿ ತಲೆದೂಗಿದರು. “ಚೆನ್ನಾಗಿ ಪತ್ತೆ ಮಾಡಿದೀರಿ ನಂಜುಂಡಯ್ಯನೋರೆ. ನಿಮ್ಮ ಪತ್ರ ಬಂದಾಗಿಂದ ನಾನಂತೂ ಪಂಚಾಂಗ ಮುಟ್ಟೋದೇ ಬಿಟ್ಟಿದೀನಿ.”

ಸುಮ್ಮನಿದ್ದರೆ ಆಗುತ್ತಿತ್ತು. ತಿಳಿದವಳು ಒಬ್ಬಳೇ; ಅವಳು ಮಾತು ಕೊಟ್ಟಾಗಿತ್ತು. ಒಳಗಿನಿಂದ ಕೇಸರಿಬಾತಿನ ಪರಿಮಳ ಬರುತ್ತಿತ್ತು. ಕುರ್ಚಿಗಳು ಅರ್ಧ ತುಂಬಿದ್ದವು. ಆದರೆ ನಾಳೆ ಬೆಳಿಗ್ಗೆಯೂ ವಿಭೂತಿ ಧರಿಸಿ ಇದೇ ಹಲಗೆಯ ಮುಂದೆ ನಿಲ್ಲಬೇಕಾಗಿತ್ತು. ನಂಜುಂಡಯ್ಯನವರು ಪಂಚಾಂಗವನ್ನು ಮುಂದೆ ಚಾಚಿದರು.

“ಒಂದು ಪುಟ ತಿರುವಲಿಲ್ಲ,” ಎಂದರು.

ಆತ್ರೇಯರು ಕನ್ನಡಕ ಏರಿಸಿ ಈ ಪುಟ ನೋಡಿದರು, ಆ ಪುಟ ನೋಡಿದರು. ನಗಲಿಲ್ಲ. ನಕ್ಕಿದ್ದರೆ ನಂಜುಂಡಯ್ಯನವರಿಗೆ ಹಗುರವಾಗುತ್ತಿತ್ತು. ಆಮೇಲೆ ಪಂಚಾಂಗವನ್ನು ಮಡಚಿ ಹಿಂದಿರುಗಿಸಿದರು. “ಹನ್ನೆರಡು ಪುಟ ಬರೆಯೋ ಶಕ್ತಿ ನನಗಿಲ್ಲ. ನೀವೇ ಬರ್ಕೊಂಡ್ಬಿಡಿ.”

ನಂಜುಂಡಯ್ಯನವರು ಸಮಾರಂಭಕ್ಕೆಂದೇ ಹೊದ್ದಿದ್ದ ಶಾಲಿನ ಅಂಚಿನಿಂದ ಮೂರನೆಯ ಸಾಲನ್ನು ಒರೆಸಿದರು. ಅದೇ ಜಾಗದಲ್ಲಿ, ಅದೇ ದುಂಡಕ್ಷರದಲ್ಲಿ ಮತ್ತೆ ಬರೆದರು: ‘೧೯೭೭: ಈ ದಿನ ಇಲ್ಲಿ ಏನೂ ನಡೆಯಲಿಲ್ಲ.’

ಬರುವ ತಿಂಗಳವರೆಗೆ ಹೂವು ಉಳಿಯುವುದಿಲ್ಲವಲ್ಲ, ಈ ಮಾಲೆ ಯಾರಿಗೆ ಎಂದು ಚಿಕ್ಕಮುನಿಯಮ್ಮ ಕೇಳಿದಳು. ಅವರು ಹಲಗೆಯತ್ತ ಕೈ ತೋರಿಸಿದರು. ಅವಳು ಮಾಲೆಯನ್ನು ಎರಡು ಸುತ್ತು ಮಡಿಸಿ ಮೇಲಿನ ಮೊಳೆಗೆ ತೂಗುಹಾಕಿದಳು. ಎರಡೂ ವಿಶ್ವಕಪ್‌ಗಳು ಸೇವಂತಿಗೆಯ ಹಿಂದೆ ಮರೆಯಾದವು. ಕೆಳಗಿನ ಆ ಒಂದು ಸಾಲು ಮಾತ್ರ, ಕಟ್ಟಕಡೆಯ ಕುರ್ಚಿಯವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು.