ತುಕ್ಕು ತೆಗೆಯುವ ಗುಳಿಗೆ

ಡಾಕ್ಟರಮ್ಮ ರಕ್ತದ ರಿಪೋರ್ಟನ್ನು ಮೇಜಿನ ಮೇಲೆ ಪೇಂಟರನ ಕಡೆಗೆ ತಿರುಗಿಸಿದರು. ಒಂದು ಅಂಕಿಯ ಸುತ್ತ ಕೆಂಪು ಶಾಯಿಯಲ್ಲಿ ಎರಡು ಸಲ ಗೆರೆ ಎಳೆದಿತ್ತು.

“ಲಿವರಿನ ಎಂಜೈಮು ಹೋದ ತಿಂಗಳು ಮೂವತ್ತಿತ್ತು. ಇವತ್ತು ನಾನೂರ ಹತ್ತು. ಸೋಮವಾರ ನಿಮ್ಮ ಲಿವರಿನ ಅರ್ಧ ತೆಗೆದು ನಿಮ್ಮ ಅಕ್ಕನಿಗೆ ಜೋಡಿಸಬೇಕಿತ್ತು. ಇಂಥ ಲಿವರಿಗೆ ನಾನು ಕತ್ತಿ ಹಾಕಲ್ಲ. ನಿಜ ಹೇಳಿ, ಕುಡಿದ್ರಾ?”

ಪೇಂಟರ್ ಬಾಯಿ ತೆರೆಯುವುದರೊಳಗೆ ಪಕ್ಕದ ಕುರ್ಚಿಯಿಂದ ಅಕ್ಕನ ದನಿ ಎದ್ದಿತು. ಕಾಲು ಊದಿ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡು ಕೂತಿದ್ದಳು. ದನಿ ಮಾತ್ರ ಊದಿರಲಿಲ್ಲ, ಮೊದಲಿನಷ್ಟೇ ಹರಿತ.

“ಕುಡಿದಿಲ್ಲ ಡಾಕ್ಟ್ರೇ, ನಾನು ಗ್ಯಾರಂಟಿ. ಇವನ ಹಳೇ ಚಾಳಿ ನನಗೆ ಗೊತ್ತಿಲ್ವಾ? ದಿನಾ ಬಾಗಿಲಲ್ಲೇ ನಿಲ್ಲಿಸಿ, ‘ಲೋ, ಬಾಯಿ ಊದು’ ಅಂತೀನಿ. ಅದೂ ಸಾಲದು ಅಂತ ಅಂಗಿ ಜೇಬು, ಹಾಸಿಗೆ ಅಡಿ, ಟೂಲ್ ಬಾಕ್ಸು, ಎಲ್ಲಾ ಜಾಲಾಡಿದ್ದೀನಿ. ಒಂದು ತೊಟ್ಟು ಸಿಕ್ಕಿಲ್ಲ.”

“ಪೊಲೀಸರು ಇವಳ ಹತ್ರ ಪಾಠ ಹೇಳಿಸ್ಕೋಬೇಕು,” ಅಂದ ಪೇಂಟರ್. ಯಾರೂ ನಗಲಿಲ್ಲ.

“ಹಾಗಾದ್ರೆ ಇದೇನು?” ಡಾಕ್ಟರಮ್ಮ ಪೆನ್ನಿನ ತುದಿಯಿಂದ ಅಂಕಿಯನ್ನು ಕುಟ್ಟಿದರು. “ಆಪರೇಷನ್ ಮುಂದಕ್ಕೆ ಹಾಕೋಣ ಅಂದ್ರೆ ನಿಮ್ಮ ಅಕ್ಕನ ಕಣ್ಣು ನೋಡಿ. ಇಷ್ಟು ದಿನ ಹಿಡಿತದಲ್ಲಿದ್ದ ಹಳದಿ ಹತ್ತು ದಿನದಲ್ಲಿ ಹೇಗೆ ಏರಿದೆ! ಕಾರಣ ತಿಳೀದೆ ನಾನು ಯಾರನ್ನೂ ಮೇಜಿನ ಮೇಲೆ ಮಲಗಿಸಲ್ಲ.”

ಪೇಂಟರನ ಕೈ ತಾನಾಗಿಯೇ ಪ್ಯಾಂಟಿನ ಜೇಬಿಗೆ ಹೋಯಿತು. ಈ ಲಿವರಿಗಾಗಿ ಅವನು ಏನು ತಾನೇ ಮಾಡಿರಲಿಲ್ಲ? ತಿನ್ನರ್ ವಾಸನೆ ಒಳ್ಳೆಯದಲ್ಲ ಅಂದರೆಂದು, ಕಾರುಗಳಿಗೆ ಬಣ್ಣ ಹೊಡೆಯುವ ಗನ್ನನ್ನು ಮೂರು ತಿಂಗಳಿಂದ ಮುಟ್ಟಿರಲಿಲ್ಲ. ವರ್ಕ್‌ಶಾಪಿನಲ್ಲಿ ಹೊಸಬರ ಹಾಗೆ ಬರೀ ತಗಡು ಉಜ್ಜಿಕೊಂಡಿದ್ದ. ಔಷಧಿ ಏನಾದರೂ ತಗೋತೀರಾ ಎಂದು ಇದೇ ಡಾಕ್ಟರಮ್ಮ ಮೂರು ಸಲ ಕೇಳಿದ್ದರು. ಮೂರು ಸಲವೂ ಇಲ್ಲವೆಂದಿದ್ದ. ಎಲೆಯ ಸಾರವನ್ನು ಯಾರಾದರೂ ಔಷಧಿ ಅಂತಾರಾ?

ಆದರೆ ಇವತ್ತು ಅಕ್ಕ ಅವನ ಪರವಾಗಿ ಗ್ಯಾರಂಟಿ ಕೊಟ್ಟುಬಿಟ್ಟಿದ್ದಳು. ಅವನು ಜೇಬಿನಿಂದ ಹಸಿರು ಮುಚ್ಚಳದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಯಾಕೋ ಅದು ತಾನೆಣಿಸಿದ್ದಕ್ಕಿಂತ ಹಗುರ ಅನ್ನಿಸಿತು.

“ಟೀ ಎಲೆ ಸಾರ ಮೇಡಂ. ಆಂಟಿಆಕ್ಸಿಡೆಂಟು. ಲಿವರಿಗೂ ಒಳಗೊಳಗೇ ತುಕ್ಕು ಹಿಡಿಯುತ್ತಂತೆ, ಇದು ಅದನ್ನ ತೆಗೆಯುತ್ತೆ ಅಂದ ಅಂಗಡಿಯವನು. ತುಕ್ಕಿನ ವಿಷಯ ನನಗೆ ಗೊತ್ತಿರೋದೇ ಅಲ್ವಾ? ಅಕ್ಕನಿಗೆ ಕೊಡೋದು ಹಳೇ ಸಾಮಾನಾಗಬಾರದು, ಮಿಂಚ್ತಾ ಇರಲಿ ಅಂತ… ದಿನಕ್ಕೊಂದು ಅಂತ ಬರೆದಿತ್ತು. ನಾನು ನಾಲ್ಕು ತಗೊಂಡೆ. ಖಾಲಿ ಹೊಟ್ಟೆಗೆ.”

ಡಾಕ್ಟರಮ್ಮ ಡಬ್ಬಿಯನ್ನು ಬೆಳಕಿಗೆ ಹಿಡಿದು ಸಣ್ಣಕ್ಷರ ಓದಿದರು.

“ಅಂಗಡಿಯವನು ಪೂರ್ತಿ ಸುಳ್ಳೇನೂ ಹೇಳಿಲ್ಲ,” ಅಂದರು. “ಗಾಜಿನ ತಟ್ಟೇಲಿ ಬೆಳೆಸಿದ ಲಿವರಿನ ಜೀವಕೋಶಕ್ಕೆ ಇದನ್ನ ಹನಿ ಲೆಕ್ಕದಲ್ಲಿ ಹಾಕಿದ್ರೆ ಕೋಶ ಸಾಯದ ಹಾಗೆ ಕಾಯುತ್ತೆ. ಇಲಿಗಳ ಲಿವರಿನಲ್ಲಿ ಗಾಯದ ನಾರು ಕಟ್ಟೋದೂ ಕಡಿಮೆ ಆಗಿದೆ. ಆದ್ರೆ ನೀವು ತಟ್ಟೆಯೂ ಅಲ್ಲ, ಇಲಿಯೂ ಅಲ್ಲ. ಇಷ್ಟು ಗಟ್ಟಿ ಸಾರ ಹೊಟ್ಟೆಗೆ ಹೋದ್ರೆ ಅದನ್ನ ಅರಗಿಸೋ ಕೆಲಸ ಲಿವರಿನದೇ. ಎಲ್ಲರಿಗೂ ಹೀಗಾಗಲ್ಲ. ಕೆಲವರ ಲಿವರ್ ಸುಟ್ಟುಕೊಳ್ಳುತ್ತೆ.”

ಪೇಂಟರನಿಗೆ ಮುಂದಿನದನ್ನು ಯಾರೂ ಹೇಳಬೇಕಾಗಿರಲಿಲ್ಲ. ತುಕ್ಕು ತೆಗೆಯುವ ಆಸಿಡನ್ನು ಐದು ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಅದು ಒಳ್ಳೆಯ ತಗಡನ್ನೂ ತಿನ್ನುತ್ತದೆ. ಇದನ್ನು ಹೊಸಬರಿಗೆ ಬೈದು ಬೈದು ಕಲಿಸಿದವನೇ ಅವನು.

“ನನ್ನ ಕೈಯಾರೆ ಕೆಡಿಸಿದೆನಾ ಮೇಡಂ?”

“ನಿಮ್ಮದು ಗಟ್ಟಿಮುಟ್ಟಾದ ಲಿವರ್. ನಿಲ್ಲಿಸಿದ್ರೆ ಆರು ವಾರದಲ್ಲಿ ತಾನೇ ಸರಿಮಾಡಿಕೊಳ್ಳುತ್ತೆ. ನಿಮ್ಮ ಅಕ್ಕನ ಲಿವರಿಗೆ ಆ ತಾಕತ್ತಿಲ್ಲ. ಹಳೇ ಕಾಮಾಲೆ ಬಿಟ್ಟುಹೋದ ಗಾಯದ ನಾರೇ ಅದರ ತುಂಬಾ ಇದೆ. ಈ ಹಳದಿ ಇಲ್ಲಿಗೇ ನಿಂತ್ರೆ ಆರು ವಾರ ದೂಡಬಹುದು.” ಡಾಕ್ಟರಮ್ಮ ಡಬ್ಬಿ ಕೆಳಗಿಟ್ಟರು. ಅವನ ಮುಖ ನೋಡಿದರು. “ಇದನ್ನ ಮನೇಲಿ ಬೇರೆ ಯಾರೂ ತಗೊಂಡಿಲ್ಲ ತಾನೇ?”

“ಛೆ, ಇಲ್ಲ! ಇವಳಿಗೆ ಗೊತ್ತಾದ್ರೆ ಬೈತಾಳೆ ಅಂತ ಟೂಲ್ ಬಾಕ್ಸಿನ ತಳದಲ್ಲಿ, ತಗಡು ಉಜ್ಜೋ ಉಪ್ಪುಕಾಗದದ ಅಡಿ ಮುಚ್ಚಿಟ್ಟಿದ್ದೆ, ಇವತ್ತಷ್ಟೇ ಜೇಬಿಗೆ ಹಾಕ್ಕೊಂಡಿದ್ದು. ಅದನ್ನ ಯಾರು ತೆಗೆದು…”

ಅವನು ನಿಧಾನವಾಗಿ ಅಕ್ಕನ ಕಡೆಗೆ ತಿರುಗಿದ.

ಅಕ್ಕ ತಲೆ ತಗ್ಗಿಸಿ, ಊದಿದ ಪಾದವನ್ನು ಚಪ್ಪಲಿಯೊಳಗೆ ತೂರಿಸಲು ಹೆಣಗುತ್ತಿದ್ದಳು. ಅದು ಒಳಗೆ ಹೋಗುತ್ತಿರಲಿಲ್ಲ.

“ಲಿವರಿನ ಗಾಯದ ಕಲೆ ಹೋಗುತ್ತೆ ಅಂತ ಡಬ್ಬಿ ಮೇಲೆ ಬರೆದಿತ್ತು ಕಣೋ,” ಅಂದಳು, ನೆಲ ನೋಡುತ್ತಲೇ. “ನನ್ನದೇ ಸರಿಹೋಗಿಬಿಟ್ರೆ ನಿನ್ನ ಹೊಟ್ಟೆ ಕೊಯ್ಯೋದು ತಪ್ಪುತ್ತಲ್ಲಾ ಅಂತ…”