ಕಸಿ ಚರ್ಮದ ಕೈ

ಬಿಸಿಲಿಗೆ ಮೈ ಸುಟ್ಟುಹೋಗುತ್ತದೆಂದು ಹಗಲಲ್ಲಿ ಯಾರೂ ಹೊಸ್ತಿಲು ದಾಟದ ಕಾಲವದು. ಕಲ್ಲುಗಣಿಯ ಆಳುಗಳು ಮಾತ್ರ ಬಿಸಿಲು ತಾಗದ ಚರ್ಮವನ್ನು ಮೈತುಂಬ ಕಸಿ ಮಾಡಿಸಿಕೊಂಡು ದುಡಿಯುತ್ತಿದ್ದರು. ಮಹಾಂತಪ್ಪ ಅವರಲ್ಲೊಬ್ಬ. ಅಂದು ಮಧ್ಯಾಹ್ನ ಗಣಿ ಕುಸಿಯಿತೆಂಬ ಸುದ್ದಿ ಕೇಳಿ ಅವನ ಹೆಂಡತಿ ನೀಲವ್ವ ಮೈಗೆ ಏನೂ ಹೊದೆಯದೆ ಬಿಸಿಲಲ್ಲೇ ಅಲ್ಲಿಗೆ ಓಡಿದಳು. ಗಂಡನಿಗೆ ಏನೂ ಆಗಿರಲಿಲ್ಲ; ಅವಳ ಬೆನ್ನು, ತೋಳುಗಳ ತುಂಬ ಮಾತ್ರ ಗುಳ್ಳೆ ಎದ್ದಿದ್ದವು.

ಸಂಜೆ ಮನೆಯಲ್ಲಿ ಮಹಾಂತಪ್ಪ ಅವಳ ಬೆನ್ನಿಗೆ ಒದ್ದೆ ಬಟ್ಟೆ ಹಾಕಿದ. ಆಮೇಲೆ ಲೋಳೆಸರ ಸೀಳಿ, ತಿರುಳನ್ನು ಬೆರಳಿಂದ ಅವಳ ಭುಜಕ್ಕೆ ಸವರಿದ. ನೀಲವ್ವ ಚೀರಿದಳು. ಗುಳ್ಳೆ ಒಡೆದು ನೀರಿಳಿಯಿತು.

"ಮೆಲ್ಲಕ ಹಚ್ಚೀನಲ್ಲಬೇ?"

"ಆ ಕಸಿ ಚರ್ಮದ ಕೈಗೆ ಮೆಲ್ಲಕ ಅನ್ನೂದು ಹ್ಯಾಂಗ ತಿಳೀಬೇಕ್ರಿ? ಕಲ್ಲಿಲೆ ತಿಕ್ಕಿದಂಗ ಆಗ್ತೈತಿ. ಬಿಡ್ರಿ."

ಅವನು ಪಕ್ಕದ ಮನೆಯ ಶಂಕ್ರವ್ವನನ್ನು ಕರೆತಂದು, ತಾನು ಹೊರಗೆ ಕಟ್ಟೆಯ ಮೇಲೆ ಕೂತ. ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು: "ಹಾ, ಈಗ ತಂಪಾತು ಯಕ್ಕಾ. ಹಂಗೇ ಹಚ್ಚು."

ಕಸಿಯಾದಂದಿನಿಂದ ತಾನು ಮುಟ್ಟಿದಾಗಲೆಲ್ಲ ಅವಳು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿಯುತ್ತಿದ್ದಳು. ಅದನ್ನು ಅವನು ಇಷ್ಟು ವರ್ಷ ಸುಖವೆಂದೇ ತಿಳಿದಿದ್ದ.