ಆಯಿ ಕೊಟ್ಟ ಅಳತೆ

ಹೊಸದಾಗಿ ಕೊಯ್ದ ಬೇವಿನ ಹಲಗೆಯ ವಾಸನೆ ಇಂದಿಗೂ ನನ್ನನ್ನು ಆ ಮಧ್ಯಾಹ್ನಕ್ಕೆ ಒಯ್ಯುತ್ತದೆ. ಅಪ್ಪನ ತಾಯಿ, ನಮ್ಮ ಆಯಿ, ತನ್ನ ಶವಪೆಟ್ಟಿಗೆಗೆ ತಾನೇ ಅಳತೆ ಕೊಡಲು ಮಂಚದ ಮೇಲೆ ಮಲಗಿದ್ದಳು. ಸವಣೂರಿನಿಂದ ಬಂದ ಬಡಿಗ ಸಾಬರು ಟೇಪು ಹಿಡಿದು ಹಿಂಜರಿದರು.

“ಇನ್ನೂ ಗಟ್ಟಿ ಅದೀರಿ, ಅವ್ವಾರ. ಏನ್ ಅವಸರ?”

“ಯೇಸುಸ್ವಾಮಿ ಕರದಾಗ ಹುಡುಕ್ಯಾಡ್ಕೋತ ಕುಂದರ್ಲೇನ್ರಿ? ಅಲ್ಲಿ ನನಗ ಜಾಗಾ ಇಟ್ಟಾನ. ಭುಜದ ಕಡೆ ಸಡ್ಲ ಬಿಡ್ರಿ.”

ಊರಿನ ನಾಲ್ಕು ಕ್ರೈಸ್ತ ಮನೆಗಳಿಗೆ ಸ್ಮಶಾನವಿರಲಿಲ್ಲ. ಅಪ್ಪ ವರ್ಷಗಳಿಂದ ಅರ್ಜಿ ಕೊಡುತ್ತಿದ್ದ. ಆಗಷ್ಟೇ ತಾಲ್ಲೂಕು ಕಚೇರಿಯಿಂದ ಬಂದು ಹೊಸ್ತಿಲಲ್ಲಿ ಕುಳಿತಿದ್ದ.

“ಏನಂದ್ರೋ?” ಎಂದು ಆಯಿ ಕೇಳಿದಳು.

“ಮತ್ತ ಅದನ್ನ ಅಂದ್ರು, ಅವ್ವ. ಮುಂದಿನ ವಾರ ಬಾ ಅಂದ್ರು.”

ಆಯಿ ಬಡಿಗರ ಕಡೆ ತಿರುಗಿದಳು.

“ಪೆಟಗಿಗೆ ಹಿಡಕಿ ಗಟ್ಟಿ ಹಚ್ರಿ, ಸಾಬ್ರ,” ಎಂದಳು. “ನನ್ನ ಪರ ಊರಿಗೆ ಹೊರಬೇಕಾಕ್ಕೈತಿ.”